ತೊಡೆಯ ಮೇಲೆ ಇಡುವಂಥದ್ದಲ್ಲ

ಚೇರಂಬಾಣೆ
೧೯ ಜುಲೈ ೨೦೨೫

ಅಚ್ಚು,

ಅದೇ, ಆ ಫ್ಯಾನಿನ ವಿಷಯ ಹೇಳುತ್ತಿದ್ದೆನಲ್ಲ, ಅಷ್ಟರಲ್ಲಿ ಟವರು ಹೋಯಿತು. ನಿನಗೆ ಎಲ್ಲಿಯವರೆಗೆ ಕೇಳಿಸಿತೋ, ನಾನಂತೂ ಸುಮಾರು ಹೊತ್ತು ಸತ್ತ ಫೋನಿಗೆ ವಿವರಿಸಿದೆ. ಕರೆಂಟು ಹೋದರೆ ಟವರೂ ಹೋಗುತ್ತದೆ, ಈ ತಿಂಗಳೆಲ್ಲ ಇನ್ನು ಹೀಗೆಯೇ. ಅದಕ್ಕೆ ಈ ಕಾಗದ. ಮೋಕ್ಷಿತ್ ವಾರಕ್ಕೊಮ್ಮೆ ಪಿಕಪ್ಪಿನಲ್ಲಿ ಬಾಳೆಗೊನೆ ಹೇರಿಕೊಂಡು ಮೈಸೂರಿಗೆ ಬರುತ್ತಾನಲ್ಲ, ಅವನ ಕೈಯಲ್ಲಿ ಕೊಟ್ಟರೆ ಸೀದಾ ನಿನ್ನ ವಾರ್ಡಿಗೇ ತಲುಪಿಸುತ್ತಾನೆ. ಅಂಚೆಯವರು ಇಷ್ಟು ಬೇಗ ತರುವುದಿಲ್ಲ.

ಫ್ಯಾನು. ನೀನು ಕೇಳಿದಂಥ ಗೇಮ್ ಆಡುವ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಎರಡು ಫ್ಯಾನು ಇರುತ್ತವಂತೆ. ಮಡಿಕೇರಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಪ್ರಜ್ಞೇಶ್ ತೋರಿಸಿದ. ಹೋದ ಕೂಡಲೇ ಅವನು ಕೇಳಿದ್ದು, "ಅಂಕಲ್, ಗೇಮಿಂಗಿಗಾ, ಬರೆಯಲಿಕ್ಕಾ?"

"ಎರಡಕ್ಕೂ" ಎಂದೆ.

"ಎರಡಕ್ಕೂ ಅಂದ್ರೆ ಸ್ವಲ್ಪ ಕಷ್ಟ ಅಂಕಲ್. ಮದುವೆಗೂ ಗದ್ದೆಗೂ ಒಂದೇ ಚಪ್ಪಲಿ ಕೇಳಿದ ಹಾಗಾಯ್ತು."

ನಾನು ಬಿಡಲಿಲ್ಲ. ಕೂತು ನೋಡಿದೆ. ನಮಗೆ ಬಿ.ಎ.ಯಲ್ಲಿ ಇಂಗ್ಲಿಷ್ ಕಲಿಸಿದವರು ಮೆರಿಟ್ಸ್ ಅಂಡ್ ಡಿಮೆರಿಟ್ಸ್ ಇಲ್ಲದ ಎಸ್ಸೇಗೆ ಮಾರ್ಕೇ ಕೊಡುತ್ತಿರಲಿಲ್ಲ. ಆನ್ ದಿ ಒನ್ ಹ್ಯಾಂಡ್, ಆನ್ ದಿ ಅದರ್ ಹ್ಯಾಂಡ್. ಆಮೇಲೆ ಇನ್ನೊಂದು ಶಬ್ದ ಬರುತ್ತಿತ್ತು, ಮುಗಿಸುವಾಗ, ಅದು ಮರೆತಿದೆ. ಒಂದು ಕಡೆ ತೆಳ್ಳಗಿನದು. ಹಗುರ, ಸದ್ದಿಲ್ಲ, ಒಂದು ಸಲ ಚಾರ್ಜ್ ಮಾಡಿದರೆ ಹಗಲಿಡೀ ಬರುತ್ತದೆ, ನಮ್ಮ ಕರೆಂಟಿಗೆ ಹೇಳಿ ಮಾಡಿಸಿದ್ದು. ಆದರೆ ನೀನು ಹೇಳಿದ ಗೇಮ್ ಹಾಕಿದರೆ ಅದು ಏದುಸಿರು ಬಿಡುತ್ತದಂತೆ. ಇನ್ನೊಂದು ಕಡೆ ಗ್ರಾಫಿಕ್ಸ್ ಕಾರ್ಡ್ ಇರುವ ದಪ್ಪದ್ದು. ಅದರ ಚಾರ್ಜರೇ ಒಂದು ಇಟ್ಟಿಗೆ. ಬ್ಯಾಟರಿ ಬೇಗ ಕುಡಿದು ಮುಗಿಸುತ್ತದೆ. ಆದರೆ ಅಚ್ಚು, ಕೀಲಿಗಳು ಬಹಳ ಚೆನ್ನಾಗಿವೆ. ನನ್ನ ಹೆಸರು ಟೈಪ್ ಮಾಡಿ ನೋಡಿದೆ, ನಾಣಯ್ಯ ಎಂದು ಇಂಗ್ಲಿಷಿನಲ್ಲಿ. ಬೆರಳಿಗೆ ಒತ್ತಿದ್ದು ಗೊತ್ತಾಗುತ್ತದೆ. ಥೀಸಿಸ್ಸಿನಂಥ ಉದ್ದದ ಬರವಣಿಗೆಗೆ ಇದೇ ಸರಿ.

ಮತ್ತೆ, ಅವನು ಸ್ವಲ್ಪ ಹೊತ್ತು ಗೇಮ್ ಓಡಿಸಿ "ಅಡಿಗೆ ಕೈ ಇಟ್ಟು ನೋಡಿ" ಎಂದ. ಒಲೆಯ ಬುಡದಿಂದ ಬೆಕ್ಕು ಎದ್ದುಹೋದ ಜಾಗ ಇರುತ್ತದಲ್ಲ, ಹಾಗೆ ಬೆಚ್ಚಗಿತ್ತು. ಆಮೇಲೆ ಇನ್ನೂ ಬಿಸಿಯಾಯಿತು. ಪ್ರಜ್ಞೇಶ್ ಅದನ್ನು ಡಿಮೆರಿಟ್ ಅಂದ. ನಾನು ಮೆರಿಟ್ ಕಡೆ ಹಾಕಿದೆ. ಪೇಟೆಯಲ್ಲಿ ಬೆಳೆದವನು ಅವನು, ನಮ್ಮ ತೋಟದ ಮನೆಯ ಆಟಿ ತಿಂಗಳ ಮಳೆ ಅವನಿಗೆ ಎಂಥ ಗೊತ್ತು? ಕಂಬಳಿಯೇ ಒದ್ದೆಯಾಗುವ ಹೊತ್ತಲ್ಲಿ ತೊಡೆಯ ಮೇಲೆ ಒಂದು ಬೆಚ್ಚಗಿನ ಸಾಮಾನು ಇದ್ದರೆ ಎಷ್ಟು ಸುಖ. ನಿನ್ನ ಕಾಲಿಗೂ ಶಾಖ ತಾಗಿದ ಹಾಗಾಯಿತು.

ಗೇಮ್ ಯಾಕೆ ಎಂದು ಮಾತ್ರ ನನಗಿನ್ನೂ ಪೂರಾ ಅರ್ಥವಾಗಿಲ್ಲ. ಮೇ ತಿಂಗಳಲ್ಲಿ ಆ ಸಿಲ್ವರ್ ಓಕ್ ಮರದ ಕೊಂಬೆ ನಿನ್ನ ಸ್ಕೂಟರಿನ ಮೇಲೆ ಮುರಿದು ಬೀಳದೇ ಇದ್ದಿದ್ದರೆ ಈ ಹೊತ್ತಿಗೆ ಪೊನ್ನಂಪೇಟೆಯ ಫಾರೆಸ್ಟ್ರಿ ಕಾಲೇಜಿಗೆ ಥೀಸಿಸ್ ಕೊಟ್ಟಾಗುತ್ತಿತ್ತು. ಹಳೇ ಲ್ಯಾಪ್‌ಟಾಪ್ ಬೆನ್ನಿನ ಬ್ಯಾಗಿನಲ್ಲೇ ಪುಡಿಯಾಯಿತು, ಅದು ಹೋಗಲಿ. ಬರೆದಷ್ಟು ನಿಮ್ಮ ಗೈಡ್ ಹತ್ತಿರ ಇದೆ ಎಂದಿದ್ದೀ. ಇನ್ನು ಬರೆಯುವುದೊಂದೇ ಬಾಕಿ. ವ್ಯಾಯಾಮ ಬಿಡಬೇಡ. ಡಿಸೆಂಬರಿನ ಕಾಫಿ ಕುಯ್ಲಿಗೆ ನೀನೇ ನಡೆದು ಬಂದು ಆಳುಗಳ ಲೆಕ್ಕ ಬರೆಯುತ್ತೀ ಎಂದು ಎಲ್ಲರಿಗೂ ಹೇಳಿದ್ದೇನೆ.

ಬೊಳ್ಳಮ್ಮನಿಗೆ ರಾತ್ರಿ ಸ್ವೆಟರ್ ಹಾಕಿಕೊಳ್ಳಲು ಹೇಳು. ನಿನ್ನನ್ನು ನೋಡಿಕೊಳ್ಳುವ ಭರದಲ್ಲಿ ನನ್ನ ತಂಗಿಯೇ ಮಲಗಿದರೆ ಕಷ್ಟ.

ಯುವರ್ಸ್ ಸಿನ್ಸಿಯರ್ಲಿಯೋ ಫೇತ್‌ಫುಲಿಯೋ, ಮಗಳಿಗೆ ಯಾವುದು ಎಂದು ಮರೆತಿದೆ,
ಅಪ್ಪ


ಚೇರಂಬಾಣೆ
೩ ಆಗಸ್ಟ್, ಬೆಳಿಗ್ಗೆ

ಅಚ್ಚು ಕೂಸೇ,

ಮೋಕ್ಷಿತ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಚುಟುಕಾಗಿ ಬರೆಯುತ್ತೇನೆ. ಇವತ್ತು ಆಟಿ ಹದಿನೆಂಟು. ನೀನು ಮನೆಯಲ್ಲಿಲ್ಲದ ಆಟಿ ಹದಿನೆಂಟು ಇದೇ ಮೊದಲು. ತೋಟದ ಬೇಲಿಯ ಹತ್ತಿರ ಆಟಿ ಸೊಪ್ಪು ಈ ಸಲ ಸೊಂಟದೆತ್ತರ ಬಂದಿದೆ. ಬೇಯಿಸಿ ರಸ ತೆಗೆದು ಪಾಯಸ ಮಾಡಿದ್ದೇನೆ, ನಿನ್ನ ಅಮ್ಮ ಮಾಡುತ್ತಿದ್ದ ಬಣ್ಣವೇ ಬಂದಿದೆ, ಕಡು ನೇರಳೆ. ರುಚಿ ಬಂದಿದೆಯೋ ನೀನೇ ಹೇಳಬೇಕು. ಸ್ಟೀಲ್ ಕ್ಯಾರಿಯರಿನಲ್ಲಿ ಇದೆ, ಕಾಯಿಹಾಲು ಹಾಕಿಲ್ಲ, ದಾರಿಯಲ್ಲಿ ಹಳಸುತ್ತದೆ.

ಸೊಪ್ಪು ಎರಡು ಪಾಲು ಹಾಕಿದ್ದೇನೆ. ಹದಿನೆಂಟು ಥರದ ಮದ್ದು ಇವತ್ತು ಆ ಸೊಪ್ಪಿಗೆ ಬಂದು ಸೇರುತ್ತದೆ ಎನ್ನುತ್ತಾರಲ್ಲ, ಅದರಲ್ಲಿ ಒಂದಾದರೂ ಕಾಲಿಗೆ ಆಗುವಂಥದ್ದು ಇರಲೇಬೇಕು. ಬೊಳ್ಳಮ್ಮನಿಗೆ ಸ್ವಲ್ಪ ಕೊಡು, ಉಳಿದದ್ದೆಲ್ಲ ನೀನೇ ತಿನ್ನು.

ಪ್ರಜ್ಞೇಶ್ ಕೊಟ್ಟ ಎರಡು ಲ್ಯಾಪ್‌ಟಾಪುಗಳ ಚಿತ್ರದ ಕಾಗದ ಜೊತೆಗಿದೆ. ನಾನು ದಪ್ಪದ್ದಕ್ಕೇ ಟಿಕ್ ಹಾಕಿದ್ದೇನೆ. ಬೆಚ್ಚಗಿರುತ್ತದೆ.

ಹಾರ್ನು ನಿಲ್ಲಿಸುವುದಿಲ್ಲ ಈ ಮನುಷ್ಯ.

ಅಪ್ಪ


ಮೈಸೂರು
೬ ಆಗಸ್ಟ್

ಅಪ್ಪ,

ಪಾಯಸ ಚೆನ್ನಾಗಿತ್ತು. ಅಮ್ಮನದಕ್ಕಿಂತ ಸಿಹಿ ಜಾಸ್ತಿ. ಪೂರ್ತಿ ತಿಂದೆ. ಅದರಿಂದ ಏನಾಯಿತು ಎಂದು ಈಗ ಕೇಳಿ.

ಮರುದಿನ ಬೆಳಿಗ್ಗೆ ಸುಧಾ ಸಿಸ್ಟರ್ ನನ್ನ ಮಂಚದ ಪಕ್ಕ ಬಗ್ಗಿ ನೋಡಿದವರೇ ಓಡಿಹೋದರು. ಡಾಕ್ಟರು ಬಂದರು, ಇನ್ನೊಬ್ಬ ಡಾಕ್ಟರೂ ಬಂದರು. ಬಿ.ಪಿ. ನೋಡಿದರು, ರಕ್ತ ತೆಗೆದರು, ಹೊಟ್ಟೆ ಒತ್ತಿದರು. ಸ್ಕ್ಯಾನಿಗೆ ಗಾಡಿ ತಂದು ನಿಲ್ಲಿಸಿದರು. ಬೊಳ್ಳಮ್ಮತ್ತೆ ದೇವರ ಹೆಸರು ಹೇಳುತ್ತಾ ಅಳಲು ಶುರು ಮಾಡಿದ್ದರು. ಅಷ್ಟರಲ್ಲಿ ಅತ್ತೆ ಬಾತ್‌ರೂಮಿಗೆ ಹೋಗಿ ಬಂದರು. ಬಂದವರು ಹಣೆ ಹೊಡೆದುಕೊಂಡು "ಅಯ್ಯೋ ಡಾಕ್ಟ್ರೇ, ನಂದೂ ಕೆಂಪು. ಇದು ಆಟಿ ಪಾಯಸ" ಎಂದರು.

ಆ ಡಾಕ್ಟರು ಬೀದರಿನವರು. ಹಬ್ಬಕ್ಕೆ ಮೂತ್ರ ಕೆಂಪಾಗುವ ಊರು ಇದೆ ಎಂದು ಅವರಿಗೆ ನಂಬಿಸಲು ಅರ್ಧ ಗಂಟೆ ಬೇಕಾಯಿತು. ಆಮೇಲೆ ಇಡೀ ವಾರ್ಡ್ ನಕ್ಕಿತು. ನಾನೂ ನಕ್ಕೆ. ಇಲ್ಲಿಗೆ ಬಂದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅದೇ ಮೊದಲು.

ಈಗ ನೀವು ಕೇಳಬೇಕು, ಸಿಸ್ಟರ್ ಬಗ್ಗಿ ನೋಡಿದ್ದು ಏನನ್ನು ಎಂದು. ನೀವು ಕೇಳುವುದಿಲ್ಲ. ಅದಕ್ಕೆ ನಾನೇ ಹೇಳುತ್ತೇನೆ. ಮಂಚದ ಪಕ್ಕ ನನ್ನ ಮೂತ್ರದ ಚೀಲ ತೂಗುತ್ತದೆ. ನೀವು ಬಂದಾಗಲೆಲ್ಲ ಅತ್ತೆ ಅದರ ಮೇಲೆ ಟವೆಲ್ ಹಾಕುತ್ತಾರೆ, ನೀವು ಕಿಟಕಿಯ ಕಡೆ ನೋಡುತ್ತೀರಿ.

ಡಾಕ್ಟರು ಜೂನಿನಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಮಾತು ಶುರು ಮಾಡಿದರು. ನೀವು ಕಾಫಿ ತರುತ್ತೇನೆ ಎಂದು ಎದ್ದುಹೋದಿರಿ. ಕಾಫಿ ಬರುವಷ್ಟರಲ್ಲಿ ಅವರ ಮಾತು ಮುಗಿದಿತ್ತು. ಏನೆಂದರು ಎಂದು ನೀವು ಕೇಳಲಿಲ್ಲ. ಸಕ್ಕರೆ ಸಾಕಾ ಎಂದು ಕೇಳಿದಿರಿ. ಅವರು ಹೇಳಿದ್ದು ಇಷ್ಟು: ಸೊಂಟದ ಕೆಳಗೆ ಇನ್ನು ಸ್ವಾಧೀನ ಬರುವುದಿಲ್ಲ. ನಡೆಯುವುದೂ ಇಲ್ಲ, ಮುಟ್ಟಿದರೆ ತಿಳಿಯುವುದೂ ಇಲ್ಲ. ವ್ಯಾಯಾಮ ಮಾಡುತ್ತಿರುವುದು ಕೈಗೆ, ಕುರ್ಚಿಯಿಂದ ಮಂಚಕ್ಕೆ ನನ್ನನ್ನು ನಾನೇ ಎತ್ತಿಹಾಕಿಕೊಳ್ಳಲಿಕ್ಕೆ.

ಬೆಚ್ಚಗಿರುತ್ತದೆ ಎಂದು ಎರಡು ಸಲ ಬರೆದಿದ್ದೀರಿ. ಅಪ್ಪ, ಆ ಲ್ಯಾಪ್‌ಟಾಪ್ ತೊಡೆಯ ಮೇಲೆ ಇಟ್ಟುಕೊಂಡರೆ ಚರ್ಮ ಸುಟ್ಟರೂ ನನಗೆ ಗೊತ್ತಾಗುವುದಿಲ್ಲ. ಎದುರು ಮಂಚದ ರುದ್ರಮ್ಮನವರಿಗೆ ಬಿಸಿನೀರಿನ ಚೀಲದಿಂದಲೇ ಹಾಗಾಯಿತು. ಗಾಯ ಇನ್ನೂ ಮಾಗಿಲ್ಲ.

ಗೇಮ್ ಯಾಕೆ ಎಂದು ಕೇಳಿದ್ದಿರಿ. ಅಲ್ಲಾದರೂ ಓಡುತ್ತಾಳೆ ಪಾಪ ಎಂದು ಅತ್ತೆ ಕಣ್ಣೊರೆಸಿಕೊಳ್ಳುತ್ತಾರೆ. ಅದಲ್ಲ. ಈಗ ಫೋನಿನಲ್ಲೇ ಹೇಗೋ ಆಡುತ್ತಿದ್ದೇನೆ. ನನ್ನ ತಂಡದಲ್ಲಿ ಮೂವರಿದ್ದಾರೆ, ಯಾರ ಮುಖವನ್ನೂ ನೋಡಿಲ್ಲ. ನಾನು ತಪ್ಪು ಮಾಡಿದರೆ ಅವರು ಬಾಯಿಗೆ ಬಂದ ಹಾಗೆ ಬೈಯುತ್ತಾರೆ. ಮೇ ತಿಂಗಳಿನಿಂದ ನನ್ನನ್ನು ಬೇರೆ ಯಾರೂ ಬೈದಿಲ್ಲ. ನೀವೂ ಬೈದಿಲ್ಲ.

ಆ ಸಿಲ್ವರ್ ಮರ ನನ್ನ ಥೀಸಿಸ್ಸಿನಲ್ಲೇ ಇದೆ, ಮೂರನೇ ಅಧ್ಯಾಯ, ಗಾಳಿಗೆ ಬೇಗ ಮುರಿಯುವ ನೆರಳಿನ ಮರಗಳು. ಅದರ ಬಗ್ಗೆ ಯೋಚಿಸಲು ಒಂದೊಂದು ದಿನ ಆಗುತ್ತದೆ, ಒಂದೊಂದು ದಿನ ಆಗುವುದಿಲ್ಲ.

ಅಶ್ವಿತಾ


ಚೇರಂಬಾಣೆ
೧೫ ಆಗಸ್ಟ್

ಅಚ್ಚು,

ನಿನ್ನ ಕಾಗದ ಸಿಕ್ಕಿತು. ಈ ಸಲ ನಾಟಿ ತಡವಾಯಿತು. ಕೆಳಗಿನ ಗದ್ದೆಯ ಬದು ಒಡೆದು ನೀರು ಹೊಳೆಗೆ ಹೋಯಿತು, ಅದನ್ನು ಕಟ್ಟುವುದರಲ್ಲೇ ಎರಡು ದಿನ ಹಿಡಿಯಿತು. ಬಿಳಿ ದನ ಕರು ಹಾಕಿದೆ, ಹೆಣ್ಣು.

ಡಾಕ್ಟರುಗಳು ಯಾವಾಗಲೂ ವರ್ಸ್ಟ್ ಕೇಸ್ ಹೇಳಿಯೇ ಇಡುತ್ತಾರೆ. ಅದು ಅವರ ಪದ್ಧತಿ. ವಿರಾಜಪೇಟೆಯಿಂದ ಕೇರಳದ ಬಸ್ಸು ಹತ್ತಿದರೆ ಅಲ್ಲಿ ಎಣ್ಣೆ ತಿಕ್ಕುವ ವೈದ್ಯರು ಒಬ್ಬರಿದ್ದಾರಂತೆ, ಮಲಗಿದವರನ್ನೆಲ್ಲ ಎಬ್ಬಿಸಿದ್ದಾರಂತೆ. ಮಳೆ ಕಮ್ಮಿಯಾದ ಮೇಲೆ ಹೋಗಿ ವಿಚಾರಿಸಿ ಬರುತ್ತೇನೆ.

ಬಿಸಿ ನಿನಗೆ ಆಗಿಬರುವುದಿಲ್ಲ ಎಂದರೆ ಬಿಡು, ಆ ತೆಳ್ಳಗಿನ ಲ್ಯಾಪ್‌ಟಾಪನ್ನೇ ತೆಗೆದುಕೊಳ್ಳೋಣ. ಅದು ತಣ್ಣಗಿರುತ್ತದೆ. ಬರೆಯಲು ಅದು ಧಾರಾಳವಾಯಿತು. ಗೇಮ್ ಏನು, ಕಾಲು ಸರಿಯಾದ ಮೇಲೆ ಆಡಬಹುದು.

ಪಾಯಸದ ವಿಷಯ ಓದಿ ಮೋಕ್ಷಿತ್‌ಗೆ ಹೇಳಿದೆ. ಅವನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಕ್ಕ. ನಾನೂ ಸ್ವಲ್ಪ ನಕ್ಕೆ.

ಅಪ್ಪ


ಮೈಸೂರು
೨೨ ಆಗಸ್ಟ್

ಅಪ್ಪ,

ಲ್ಯಾಪ್‌ಟಾಪ್ ಬೇಡ. ಯಾವುದೂ ಬೇಡ.

ನವೆಂಬರಿನಲ್ಲಿ ನನ್ನನ್ನು ಇಲ್ಲಿಂದ ಬಿಡುತ್ತಾರೆ. ನಾನು ಬೊಳ್ಳಮ್ಮತ್ತೆಯ ಜೊತೆ ವಿರಾಜಪೇಟೆಗೆ ಹೋಗುತ್ತೇನೆ. ಅವರ ಮನೆ ರಸ್ತೆಯ ಮಟ್ಟಕ್ಕೇ ಇದೆ. ಆದರೆ ಕಾರಣ ನಮ್ಮ ಮನೆಯ ಮೆಟ್ಟಿಲಲ್ಲ. ದಿನಾ ಬೆಳಿಗ್ಗೆ ನನ್ನ ಕಾಲು ನೋಡಿ ಇವತ್ತು ಹೇಗಿದೆ ಎಂದು ಕೇಳುವವರ ಜೊತೆ ನಾನು ಇರಲಾರೆ.

ಕರುವಿಗೆ ಏನು ಹೆಸರಿಟ್ಟಿರಿ?

ಅಶ್ವಿತಾ


ಚೇರಂಬಾಣೆ
೪ ಸೆಪ್ಟೆಂಬರ್

ಅಚ್ಚು,

ಕರುವಿಗೆ ಹೆಸರಿಟ್ಟಿಲ್ಲ. ನೀನು ಇಡಬೇಕೆಂದು ಬಿಟ್ಟಿದ್ದೇನೆ, ಈಗ ಅದು ಹೋಯ್ ಎಂದರೆ ತಿರುಗಿ ನೋಡುತ್ತದೆ.

ಲ್ಯಾಪ್‌ಟಾಪ್ ಬೇಡ ಎಂದಿದ್ದೀ. ತೆಗೆದುಕೊಂಡಾಗಿದೆ. ಬೇಡವಾದರೆ ಬೊಳ್ಳಮ್ಮ ಅದರ ಮೇಲೆ ಹಪ್ಪಳ ಒಣಗಿಸಲಿ, ಬಿಸಿಯಂತೂ ಇದೆ. ಆದರೆ ತೆಗೆದುಕೊಂಡದ್ದು ಹೇಗೆ ಎಂದು ಓದು.

ನಿನ್ನ ಕಾಗದ ಬಂದ ಮೇಲೆ ಕೆಲವು ದಿನ ನಾನು ಗದ್ದೆಗೂ ಹೋಗಲಿಲ್ಲ. ಆಮೇಲೆ ಒಂದು ದಿನ ಬಸ್ಸು ಹತ್ತಿ ಮಡಿಕೇರಿಗೆ ಹೋದೆ. ಎಂಥಕ್ಕೆ ಹೋಗುತ್ತಿದ್ದೇನೆ ಎಂದು ಬಸ್ಸು ಅಪ್ಪಂಗಳ ದಾಟುವವರೆಗೂ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಪ್ರಜ್ಞೇಶ್ ನನ್ನನ್ನು ನೋಡಿದವನೇ "ಅಂಕಲ್, ಡಿಸೈಡ್ ಆಯ್ತಾ? ದಪ್ಪವಾ, ತೆಳ್ಳಗಾ?" ಎಂದ. ತೆಳ್ಳಗಿನದು ಎನ್ನಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ.

"ನನ್ನ ಮಗಳಿಗೆ ಸೊಂಟದ ಕೆಳಗೆ ಸ್ಪರ್ಶ ಇಲ್ಲ. ನಡೆಯುವುದಿಲ್ಲ. ಇನ್ನು ಮುಂದೆಯೂ ನಡೆಯುವುದಿಲ್ಲ. ಚಕ್ರದ ಕುರ್ಚಿಯಲ್ಲಿ ಕೂತು ಅವಳು ಗೇಮ್ ಆಡಬೇಕು, ಥೀಸಿಸ್ ಬರೆಯಬೇಕು. ಅಂಥವರಿಗೆ ಯಾವುದು ಕೊಡುತ್ತೀ?"

ಅಷ್ಟು ಮಾತು ನಾನು ಮನೆಯಲ್ಲಿ ಗೋಡೆಗೂ ಹೇಳಿರಲಿಲ್ಲ. ಮಡಿಕೇರಿಯ ಅಂಗಡಿಯಲ್ಲಿ, ಪ್ರಿಂಟರ್ ರಿಪೇರಿಗೆ ಬಂದವರ ಮಧ್ಯೆ ನಿಂತು, ಸಾಮಾನಿನ ವಿವರ ಹೇಳಿದ ಹಾಗೆ ಹೇಳಿದೆ. ಅಲ್ಲಿ ಸ್ಟೂಲ್ ಮೇಲೆ ಕೂತಿದ್ದ ಒಬ್ಬ ಹೆಂಗಸು "ಛೆ, ಪಾಪ" ಎಂದಳು. ನನಗೆ ಎಲ್ಲಿತ್ತೋ ಸಿಟ್ಟು, "ಪಾಪ ಎಂಥಕ್ಕಮ್ಮ? ಅವಳ ಬಾಯಿ ನೀವು ಕೇಳಿಲ್ಲ" ಎಂದೆ. ಆ ಹೆಂಗಸು ಸ್ಟೂಲನ್ನು ಆಚೆ ಎಳೆದುಕೊಂಡಳು.

ಪ್ರಜ್ಞೇಶ್ ಪಾಪ ಎನ್ನಲಿಲ್ಲ. "ಹಾಗಾದ್ರೆ ತೊಡೆಯ ಮೇಲೆ ಯಾವುದನ್ನೂ ಇಡಬಾರದು ಅಂಕಲ್, ತೆಳ್ಳಗಿನದನ್ನೂ. ಟೇಬಲ್ ಮೇಲೆ ಇಡೋದಾದ್ರೆ ಭಾರದ್ದೂ ಚಿಂತೆಯಿಲ್ಲ, ಚಾರ್ಜರಿನದ್ದೂ ಇಲ್ಲ. ಆವಾಗ ಎರಡಕ್ಕೂ ಒಂದೇ ಸಿಗ್ತದೆ" ಎಂದ. ತೋರಿಸಿದ್ದು ಮೂರನೆಯದು, ಮೊದಲಿನ ಎರಡೂ ಅಲ್ಲ. ಬಿಸಿಗಾಳಿಯನ್ನು ಹಿಂದಕ್ಕೆ ಬಿಡುತ್ತದೆ, ಕೈಯ ಕಡೆಗೆ ಬಿಡುವುದಿಲ್ಲ. ಕೀಲಿ ಆ ದಪ್ಪದ್ದರ ಹಾಗೆಯೇ ಒಳಗೆ ಹೋಗುತ್ತದೆ. ಬರೆಯುವಾಗ ಒಂದು ಗುಂಡಿ ಒತ್ತಿದರೆ ಫ್ಯಾನು ಸುಮ್ಮನಾಗುತ್ತದೆ, ಆಡುವಾಗ ಮತ್ತೆ ಒತ್ತಿದರೆ ಗಿರ್ರೆಂದು ಏಳುತ್ತದೆ. ಕೆಳಗೆ ಇಡಲು ಒಂದು ಸ್ಟ್ಯಾಂಡ್ ಕೊಟ್ಟಿದ್ದಾನೆ.

ಬಿಲ್ ಬರೆಯುತ್ತಾ ಅವನು ಕೇಳಿದ, "ಟೇಬಲ್ ಎಷ್ಟು ಎತ್ತರ ಇದೆ ಅಂಕಲ್? ಕುರ್ಚಿಯ ಕೈ ಅಡಿಗೆ ಹೋಗ್ತದಾ?" ವಾಪಸು ಬರುವಾಗ ಬಸ್ಸಿನಲ್ಲಿ ಅದೊಂದೇ ಯೋಚನೆ.

ನಿನ್ನೆ ಕೈಲ್ ಮುಹೂರ್ತದ ಹಬ್ಬ. ಕೋವಿ, ಕತ್ತಿ, ನೇಗಿಲು ಎಲ್ಲ ತೊಳೆದು ದೀಪದ ಕೆಳಗೆ ಸಾಲಾಗಿ ಇಟ್ಟೆ. ಕೋವಿಯ ಪಕ್ಕ ನಿನ್ನ ಲ್ಯಾಪ್‌ಟಾಪನ್ನೂ ಇಟ್ಟು ಗಂಧ ಹಚ್ಚಿ, ಕೋವಿಗೆ ಮುಡಿಸುವ ತೋಕ್ ಹೂವನ್ನೇ ಇಟ್ಟೆ. ಕೆಲಸದ ಆಯುಧ ತಾನೆ. ಕಡುಬು ಮಾಡಿದೆ, ಹಂದಿ ಸಾರು ಮೋಕ್ಷಿತ್‌ನ ಮನೆಯಿಂದ ಬಂತು. ಒಬ್ಬನೇ ಎಷ್ಟು ತಿನ್ನಲಿ.

ಕೇರಳಕ್ಕೆ ಹೋಗುವುದಿಲ್ಲ. ನಿನ್ನ ಕಾಲು ಹೇಗಿದೆ ಎಂದು ಕೇಳುವುದಿಲ್ಲ. ವಿರಾಜಪೇಟೆಗೆ ಹೋಗುವುದು ನಿನ್ನಿಷ್ಟ. ಐ ಬೆಗ್ ಟು ಸ್ಟೇಟ್ ಎಂದು ಅರ್ಜಿಯಲ್ಲಿ ಬರೆಯುತ್ತಿದ್ದೆವು, ಆಮೇಲೆ ಏನು ಸ್ಟೇಟ್ ಮಾಡಬೇಕು ಎಂಬುದೇ ಹೊಳೆಯುತ್ತಿರಲಿಲ್ಲ. ಈಗಲೂ ಹಾಗೆಯೇ ಆಗಿದೆ.

ಅಪ್ಪ


ಮೈಸೂರು
೧೨ ಅಕ್ಟೋಬರ್

ಅಪ್ಪ,

ಉತ್ತರ ತಡವಾಯಿತು. ಲ್ಯಾಪ್‌ಟಾಪ್ ಚೆನ್ನಾಗಿದೆ. ಗಂಧವನ್ನು ಮುಚ್ಚಳಕ್ಕೆ ಮಾತ್ರ ಹಚ್ಚಿದ್ದರೆ ಸಾಕಿತ್ತು, ನೀವು ಫ್ಯಾನಿನ ಕಿಂಡಿಗೂ ಹಚ್ಚಿದ್ದೀರಿ. ಮೊದಲ ಸಲ ಗೇಮ್ ಹಾಕಿದಾಗ ವಾರ್ಡೆಲ್ಲ ದೇವಸ್ಥಾನದ ಪರಿಮಳ. ಅತ್ತೆ ಕೈಮುಗಿದರು.

ವ್ಯಾಯಾಮದ ಕೋಣೆಯ ಟೇಬಲ್ ಖಾಲಿಯಿದ್ದಾಗ ಅಲ್ಲಿ ಕೂತು ಬರೆಯುತ್ತೇನೆ. ಎರಡನೇ ಅಧ್ಯಾಯ ಮುಗಿಯಿತು. ಮೂರನೆಯದರ ಹತ್ತಿರ ಹೋಗಿಲ್ಲ. ಮೊನ್ನೆ ಗೇಮಿನ ಮಧ್ಯೆ ಅತ್ತೆ "ಕೂಸೇ, ಮೊಟ್ಟೆ ತಿಂತೀಯಾ" ಎಂದು ಕೂಗಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ನಾನು ತಿರುಗಿ ನೋಡುವಷ್ಟರಲ್ಲಿ ಸೋತೆವು. ಈಗ ತಂಡದವರು ನನ್ನನ್ನು ಮೊಟ್ಟೆ ಎಂದೇ ಕರೆಯುತ್ತಾರೆ.

ನಿಮ್ಮ ಕಾಗದವನ್ನು ಅತ್ತೆ ಓದಿದರು. "ಅಣ್ಣನಿಗೆ ಪೆನ್ನು ಕೊಟ್ಟರೆ ಬಾವಿ ತೋಡಿದ ಕಥೆಯಿಂದ ಶುರು ಮಾಡ್ತಾನೆ, ನೀರು ಕುಡಿಸುವುದು ಕೊನೇಗೆ" ಎಂದರು. ಆಮೇಲೆ ಅಂಗಡಿಯ ಆ ಭಾಗವನ್ನು ಇನ್ನೊಂದು ಸಲ ಓದಿದರು.

ನವೆಂಬರ್ ಹದಿನೈದಕ್ಕೆ ಬಿಡುತ್ತಾರೆ. ವಿರಾಜಪೇಟೆಯ ಮಾತು ಹಾಗೆಯೇ ಇದೆ. ನಮ್ಮ ಮನೆಯಲ್ಲಾದರೆ ಟೇಬಲ್ ಎಲ್ಲಿ ಹಾಕುತ್ತಿದ್ದ ನಿನ್ನಪ್ಪ ಎಂದು ಅತ್ತೆ ಕೇಳಿದರು. ಕೇಳಿದ್ದು ಅತ್ತೆ, ನಾನಲ್ಲ.

ಅಚ್ಚು


ಚೇರಂಬಾಣೆ
೨ ನವೆಂಬರ್

ಅಚ್ಚು,

ಟೇಬಲ್ ಮುಂದಿನ ಜಗಲಿಯ ಕೋಣೆಯಲ್ಲಿ, ಕಿಟಕಿಯ ಹತ್ತಿರ. ಬೊಳ್ಳಮ್ಮನಿಗೆ ಹೇಳು.

ನಿನ್ನ ಅಮ್ಮ ಕಾಫಿ ಬೀಜ ಆರಿಸುತ್ತಿದ್ದ ಹಲಸಿನ ಮೇಜು ಅದು. ಕೆಳಗೆ ಅಡ್ಡಪಟ್ಟಿ ಇತ್ತು, ಅದನ್ನು ಕೊಯ್ದು ತೆಗೆದೆ, ಇಲ್ಲದಿದ್ದರೆ ಕುರ್ಚಿಯ ಪಾದದ ಹಲಗೆ ತಾಗುತ್ತದೆ. ತಾಗುತ್ತದೆ ಎಂದು ನನಗೆ ಹೇಗೆ ಗೊತ್ತು? ಮೋಕ್ಷಿತ್‌ನ ಅಜ್ಜಿ ಕೊನೆಗಾಲದಲ್ಲಿ ಬಳಸುತ್ತಿದ್ದ ಚಕ್ರದ ಕುರ್ಚಿ ಅವರ ಅಟ್ಟದಲ್ಲಿ ಬಿದ್ದಿತ್ತು. ತಂದು ತೊಳೆದು ಎಣ್ಣೆ ಬಿಟ್ಟೆ. ಈಗ ಒಂದು ವಾರದಿಂದ ಮಧ್ಯಾಹ್ನ ಊಟ ಮಾಡಿದ ಮೇಲೆ ನಾನು ಅದರಲ್ಲೇ ಕೂರುತ್ತೇನೆ. ಕೂತ ಮೇಲೆ ಎದ್ದೇಳುವುದಿಲ್ಲ ಎಂದು ನಿಯಮ ಮಾಡಿಕೊಂಡಿದ್ದೇನೆ. ಈ ಕಾಗದವನ್ನೂ ಅದರಲ್ಲೇ ಕೂತು ಬರೆಯುತ್ತಿದ್ದೇನೆ.

ಎಷ್ಟು ವರ್ಷ ಇದ್ದ ಮನೆ, ಕೂತು ನೋಡಿದರೆ ಬೇರೆಯವರ ಮನೆಯ ಹಾಗೆ ಕಾಣುತ್ತದೆ. ಹೊಸಿಲು ಇಷ್ಟು ಎತ್ತರ ಯಾವ ಕಾಲದಲ್ಲಿ ಇಟ್ಟರೋ. ಅದರ ಎರಡು ಬದಿಗೂ ಸಿಮೆಂಟಿನ ಇಳಿಜಾರು ಹಾಕಿಸಿದೆ. ಅಂಗಳಕ್ಕೂ ಹಾಕಿಸಿದೆ. ಮೊದಲು ಹಾಕಿದ್ದು ಕಡಿದಾಯಿತು, ಪರೀಕ್ಷೆ ಮಾಡೋಣ ಎಂದು ಕೂತು ಬಿಟ್ಟೆ, ಬ್ರೇಕು ಸಿಗಲಿಲ್ಲ, ಸೀದಾ ಕರುವಿನ ಹುಲ್ಲಿನ ಮೇಲೆ ಹೋಗಿ ಬಿದ್ದೆ. ಕರು ನನ್ನ ಮುಖ ಮೂಸಿತು. ಮೇಸ್ತ್ರಿ ನಗದೆ ಇರಲು ಬಹಳ ಕಷ್ಟಪಟ್ಟ. ಈಗ ಉದ್ದಕ್ಕೆ ಎಳೆದು ಮತ್ತೆ ಹಾಕಿದ್ದಾನೆ. ನಿನ್ನೆ ಮೂರು ಸಲ ಹತ್ತಿ ಇಳಿದೆ. ತೋಳು ನೋಯುತ್ತದೆ. ಕೈಗೆ ವ್ಯಾಯಾಮ ಎಂದು ನೀನು ಬರೆದದ್ದು ಯಾಕೆ ಎಂದು ಈಗ ಗೊತ್ತಾಯಿತು.

ಇನ್ನೊಂದು. ಟವರು ಬಂದ ದಿನ ಸುಧಾ ಸಿಸ್ಟರ್ ಹತ್ತಿರ ಮಾತಾಡಿದೆ. ಚೀಲ ಹೇಗೆ ಬದಲಿಸುವುದು, ಎಷ್ಟು ದಿನಕ್ಕೆ, ಯಾವಾಗ ಡಾಕ್ಟರಿಗೆ ಹೇಳಬೇಕು, ಎಲ್ಲ ಕೇಳಿದೆ. "ಈಗ ಅದನ್ನೆಲ್ಲ ನಿಮ್ಮ ಮಗಳೇ ಮಾಡಿಕೊಳ್ತಾಳೆ, ನೀವು ಗಾಬರಿ ಆಗದಿದ್ದರೆ ಸಾಕು" ಎಂದರು. ಆಮೇಲೆ, "ಪಾಯಸ ಮಾಡುವುದಾದರೆ ಮಾತ್ರ ಮೊದಲೇ ಫೋನ್ ಮಾಡಿ" ಎಂದರು. ಬಾತ್‌ರೂಮಿನ ಬಾಗಿಲು ಅಗಲ ಮಾಡಿಸಿದೆ. ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಪೈಪು. ಅದನ್ನು ಹಿಡಿದು ಜೋತುಬಿದ್ದು ನೋಡಿದ್ದೇನೆ, ನನ್ನ ಭಾರ ತಡೆಯುತ್ತದೆ, ನಿನ್ನದು ಏನು ಮಹಾ. ನೀನು ಒಳಗಿದ್ದಾಗ ನಾನು ಕಿಟಕಿಯ ಕಡೆ ತಿರುಗಿ ನಿಲ್ಲುವುದಿಲ್ಲ, ಹೊರಗೆ ಕೂತು ಪೇಪರು ಓದುತ್ತೇನೆ, ಕರೆದರೆ ಬರುತ್ತೇನೆ. ನಿನ್ನ ಅಮ್ಮ ಇದ್ದಿದ್ದರೆ ಹೇಗೆ ಮಾಡುತ್ತಿದ್ದಳೋ ನನಗೆ ಗೊತ್ತಿಲ್ಲ. ನಾನು ಮಾಡಬಲ್ಲದ್ದು ಇದು.

ಈಗ ನಿನಗೆ ಒಂದು ಮಾತು ಹೇಳಬೇಕು, ಕೇಳಿಸಿಕೋ. ಮೂರನೇ ಅಧ್ಯಾಯದ ಹತ್ತಿರ ಹೋಗಿಲ್ಲ ಎಂದು ಬರೆದಿದ್ದೀಯಲ್ಲ, ನಾಚಿಕೆಯಾಗಬೇಕು. ಆ ಮರ ನಿನ್ನ ಮೇಲೆ ಬಿದ್ದದ್ದು ನಿಜ. ಹಾಗಂತ ಅದಕ್ಕೆ ಎರಡು ಸಲ ಗೆಲ್ಲಲು ಬಿಡುತ್ತೀಯಾ? ಒಳ್ಳೆಯ ಕೀಲಿಯ ಲ್ಯಾಪ್‌ಟಾಪ್ ಕೊಟ್ಟದ್ದು ಮೊಟ್ಟೆ ಎಂದು ಕರೆಸಿಕೊಳ್ಳಲಿಕ್ಕಾ? ಆಡು, ಬೇಡ ಎನ್ನುವುದಿಲ್ಲ. ಆದರೆ ಬರೆದು ಆಡು. ಸೋಮಾರಿ. ಚಿಕ್ಕಂದಿನಿಂದಲೂ ಹಾಗೆಯೇ ನೀನು, ಕಷ್ಟದ ಲೆಕ್ಕವನ್ನು ಕೊನೆಗೆ ಇಟ್ಟು ಹೊತ್ತು ಕಳೆಯುವುದು.

ಬೈದು ತುಂಬ ಕಾಲವಾಗಿತ್ತು, ಅಭ್ಯಾಸ ತಪ್ಪಿದೆ. ಸಾಲದಿದ್ದರೆ ಹೇಳು.

ಇಷ್ಟೆಲ್ಲ ಮಾಡಿದ್ದೇನೆ, ಅದಕ್ಕೆ ನೀನು ಬರಲೇಬೇಕು ಎಂದಲ್ಲ. ವಿರಾಜಪೇಟೆಯಲ್ಲಿ ಬೊಳ್ಳಮ್ಮನ ಅಡುಗೆ ಇದೆ, ಅಂಗಡಿ ಹತ್ತಿರ, ಟವರೂ ಒಳ್ಳೆಯದು. ಆನ್ ದಿ ಅದರ್ ಹ್ಯಾಂಡ್, ಇಲ್ಲಿ ಹೆಸರಿಲ್ಲದ ಒಂದು ಕರು ಇದೆ. ಮೆರಿಟ್ಸು ಡಿಮೆರಿಟ್ಸು ನೀನೇ ಬರೆದುಕೋ. ಎಸ್ಸೇ ಮುಗಿಸುವಾಗ ಬರುತ್ತಿದ್ದ ಆ ಶಬ್ದ ಮೊನ್ನೆ ಇಳಿಜಾರು ಹತ್ತುವಾಗ ನೆನಪಾಗಿತ್ತು, ಮೇಲೆ ತಲುಪುವಷ್ಟರಲ್ಲಿ ಮತ್ತೆ ಹೋಯಿತು.

ಸಾಲುಗಳು ಈಗ ಒಂದರ ಮೇಲೊಂದು ಹೋಗುತ್ತಿವೆ, ಕ್ಷಮಿಸು. ಹೊರಗೆ ತೋಟ ಕಪ್ಪಾಗಿದೆ, ಬೆಳಕು ಹೋಗುತ್ತಿದೆ. ಲೈಟು ಹಾಕೋಣ ಎಂದು ಕೈ ಚಾಚಿದೆ. ಸ್ವಿಚ್ಚು ಕೂತವರಿಗೆ ಸಿಗುವುದಿಲ್ಲ. ಇಷ್ಟು ದಿನ ಹಗಲಲ್ಲಿ ಮಾತ್ರ ಕೂತದ್ದಕ್ಕೆ ಇದು ಕಣ್ಣಿಗೆ ಬಿದ್ದಿರಲಿಲ್ಲ. ಎದ್ದು ನಿಂತರೆ ಸಿಗುತ್ತದೆ, ಆದರೆ ನಾನು ಏಳುವುದಿಲ್ಲ. ನಾಳೆ ಬೆಳಿಗ್ಗೆ ಮೊದಲು ವೈರಿಂಗ್ ಮಾಡುವ ಭವಿತ್‌ನನ್ನು ಕರೆಸಿ ಅದನ್ನು ಕೆಳಗೆ ಇಳಿಸಬೇಕು.

ಅಪ್ಪ